ಆರು ರನ್ನುಗಳ ಲೆಕ್ಕ

ಭಾನುವಾರದ ಬಲಿಪೂಜೆ ಮುಗಿದ ಬಳಿಕ ಗಂಗಾವತಿಯ ನಮ್ಮ ದೇವಾಲಯದ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಯುವಕರ ಗುಂಪೊಂದು ನಿಲ್ಲುವುದು ರೂಢಿ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನೊಬ್ಬ, ಟ್ರ್ಯಾಕ್ಟರ್ ರಿಪೇರಿಯವನೊಬ್ಬ, ಬೆಂಗಳೂರಿನ ಕಂಪನಿಯಿಂದ ರಜೆಗೆ ಬಂದವನೊಬ್ಬ, ಪದವಿ ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು. 2025ರ ಜೂನ್ 1ರಂದು ಅವರ ಧ್ವನಿ ಎಂದಿಗಿಂತ ಎತ್ತರದಲ್ಲಿತ್ತು. ಧರ್ಮಕೇಂದ್ರದ ಹಬ್ಬದ ಚಂದಾ ವಿಚಾರವಿರಬೇಕೆಂದು ನಾವು ಹತ್ತಿರ ಹೋದೆವು. ಅಲ್ಲಿ ನಡೆದಿದ್ದ ವ್ಯಾಜ್ಯವೇ ಬೇರೆ.

ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಐ.ಪಿ.ಎಲ್. ಪಂದ್ಯಾವಳಿಯ ಫೈನಲ್ ತಲುಪಿತ್ತು. ಎದುರಾಳಿ ಯಾರೆಂಬುದು ಅಂದಿನ ರಾತ್ರಿ ತೀರ್ಮಾನವಾಗಬೇಕಿತ್ತು. ಆದರೆ ಈ ಮಕ್ಕಳು ಬರಲಿರುವ ಗೆಲುವಿನ ಮಾತನ್ನೇ ಆಡುತ್ತಿರಲಿಲ್ಲ. ಹಳೆಯ ಸೋಲುಗಳಲ್ಲಿ ಯಾವುದು ಹೆಚ್ಚು ಹೊಟ್ಟೆ ಉರಿಸಿತು ಎಂದು ವಾದಿಸುತ್ತಿದ್ದರು.

“ಫಾದರ್, ನೀವ ತೀರ್ಪು ಕೊಡ್ರಿ. 2009ರದ್ದು ದೊಡ್ಡದೋ, 2016ರದ್ದೋ?” ಎಂದ ಗಿರಣಿಯ ಲೆಕ್ಕಿಗ.

ನಾವು ತೀರ್ಪು ಕೊಡುವ ಮೊದಲೇ ಅವನೇ ಸಾಕ್ಷ್ಯ ಹೇಳತೊಡಗಿದ. 2009ರ ಮೇ 24, ಜೋಹಾನ್ಸ್‌ಬರ್ಗ್. ನಾಯಕ ಅನಿಲ್ ಕುಂಬ್ಳೆ ಕೇವಲ 16 ರನ್ನಿಗೆ 4 ವಿಕೆಟ್ ಪಡೆದಿದ್ದರು. ಗಿಲ್‌ಕ್ರಿಸ್ಟ್ ಎಂಬ ಮಹಾ ಹೊಡೆತಗಾರನನ್ನು ಸೊನ್ನೆಗೇ ಮನೆಗೆ ಕಳುಹಿಸಿದ್ದರು. ಗೆಲ್ಲಲು ಬೇಕಾದದ್ದು 144. ಬಂದದ್ದು 137. ಆರು ರನ್ನುಗಳ ಸೋಲು. 2011ರ ಚೆನ್ನೈ ಫೈನಲ್ಲನ್ನು ಯಾರೂ ಹೆಚ್ಚು ಎತ್ತಿ ಆಡಲಿಲ್ಲ. ಅಲ್ಲಿ 58 ರನ್ನುಗಳ ಅಂತರವಿತ್ತು. ಅಷ್ಟು ದೂರದ ಸೋಲಿಗೆ ಕಣ್ಣೀರು ಬರುವುದಿಲ್ಲವೆಂಬುದು ಅವರ ಸರ್ವಾನುಮತದ ನಿಲುವು. ನಮಗೂ ಅದು ಸರಿಯೆನಿಸಿತು.

2016 ಮಾತ್ರ ಬೇರೆ. ಮೇ 29, ತಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣ. ಆ ಋತುವಿನಲ್ಲಿ ವಿರಾಟ್ ಕೊಹ್ಲಿ ಬಾರಿಸಿದ್ದು 973 ರನ್. ಹೈದರಾಬಾದಿನವರು 208 ಹೊಡೆದರೂ ಎದೆಗುಂದದೆ, ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರಿನಲ್ಲಿ 114 ಸೇರಿಸಿದರು. ಇಡೀ ಊರು ಟಿ.ವಿ. ಅಂಗಡಿಗಳ ಮುಂದೆ ನಿಂತು ಕುಣಿಯುತ್ತಿತ್ತಂತೆ. ಆಮೇಲೆ ಗೇಲ್ ಹೋದರು, ಕೊಹ್ಲಿ ಹೋದರು, ಡಿ ವಿಲಿಯರ್ಸ್ ಬಂದಷ್ಟೇ ಬೇಗ ಮರಳಿದರು. 200ಕ್ಕೆ ಆಟ ಮುಗಿಯಿತು. ಎಂಟು ರನ್. “ಅವತ್ತು ನಮ್ಮ ಮನ್ಯಾಗ ಯಾರೂ ಉಣ್ಲಿಲ್ರಿ ಫಾದರ್” ಎಂದ ಟ್ರ್ಯಾಕ್ಟರಿನ ಹುಡುಗ. ಆ ಭಾನುವಾರ ಕ್ರಿಸ್ತರ ಶರೀರ-ರಕ್ತದ ಮಹೋತ್ಸವವಾಗಿತ್ತೆಂಬುದು ನಮಗೆ ನೆನಪಾಯಿತು. ಅವನ ಮುಖ ನೋಡಿ ಹೇಳದೆ ಸುಮ್ಮನಾದೆವು.

ಬೆಂಗಳೂರಿನಿಂದ ಬಂದವನು ತಡೆದ. ಅವನು ಅಲ್ಲಿ ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ಹಿಡಿದವನು, ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಹಾಡುವ ಗುಂಪಿನವನು. “ನೀವು ಟಿ.ವಿ. ಮುಂದ ಅತ್ತೀರಿ. ನಾವು ಮೈದಾನದಾಗ ಅತ್ತೀವಿ” ಎಂದು ಆರಂಭಿಸಿದ. ಗಂಗಾವತಿಯಲ್ಲಿ ಫುಟ್‌ಬಾಲ್ ಬಲ್ಲವರು ಕಡಿಮೆ. ಆದರೂ ಅವನ ಮಾತಿಗೆ ಎಲ್ಲರೂ ಕಿವಿಗೊಟ್ಟರು, ಏಕೆಂದರೆ ನೋವಿನ ಭಾಷೆ ಒಂದೇ.

ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಎರಡನೆಯ ವರ್ಷ, 2015ರ ಮೇ 31ರಂದು, ಪ್ರಶಸ್ತಿ ನಿರ್ಧಾರವಾಗುವ ಕೊನೆಯ ಪಂದ್ಯ ಕಂಠೀರವದಲ್ಲೇ. ಎದುರಿಗೆ ಕೋಲ್ಕತ್ತದ ಮೋಹನ್ ಬಾಗಾನ್. ಅವರಿಗೆ ಸಮಬಲವಾದರೂ ಸಾಕಿತ್ತು. ಬೆಂಗಳೂರಿಗೆ ಗೆಲುವೇ ಬೇಕಿತ್ತು. ಜಾನ್ ಜಾನ್ಸನ್ ಮೊದಲಾರ್ಧದಲ್ಲೇ ಗೋಲು ಹೊಡೆದರು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬಾಗಾನಿನ ಬೆಲ್ಲೋ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದರು. 1–1. ಸೋಲಲಿಲ್ಲ, ಆದರೆ ಎಲ್ಲವೂ ಹೋಯಿತು. ತರ್ಕಶಾಸ್ತ್ರ ಓದಿದ ನಮಗೆ ಈ ಸಂಗತಿ ವಿಶೇಷವೆನಿಸಿತು: ಸೋಲದೆಯೂ ಕಳೆದುಕೊಳ್ಳುವ ಸ್ಥಿತಿಯೊಂದಿದೆ. ಕೂದಲೆಳೆಯಲ್ಲಿ ಪಾಸಾಗಿಯೂ ಸೀಟು ಸಿಗದ ಮಕ್ಕಳ ತಂದೆತಾಯಿಗಳಿಗೆ ಇದನ್ನು ವಿವರಿಸಬೇಕಿಲ್ಲ.

2018ರ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಇಂಡಿಯನ್ ಸೂಪರ್ ಲೀಗಿನ ಫೈನಲ್. ಲೀಗ್ ಹಂತದಲ್ಲಿ ಎಲ್ಲರಿಗಿಂತ ಎಂಟು ಅಂಕ ಮುಂದಿದ್ದ ತಂಡ. ಒಂಬತ್ತನೆಯ ನಿಮಿಷಕ್ಕೇ ಸುನಿಲ್ ಛೆಟ್ರಿಯ ಗೋಲು. ಕೊನೆಗೆ ಚೆನ್ನೈಯಿನ್ 3, ಬೆಂಗಳೂರು 2. ಮರುವರ್ಷ ಮುಂಬಯಿಯಲ್ಲಿ ಗೋವಾ ತಂಡವನ್ನು ಸೋಲಿಸಿ ಕಪ್ ಗೆದ್ದರು ನಿಜ, ಆದರೆ ಆ ಗೆಲುವಿನ ಬಗ್ಗೆ ಹುಡುಗ ಹೇಳಿದ್ದು ಒಂದೇ ವಾಕ್ಯ. 2023ರಲ್ಲಿ ಗೋವಾದಲ್ಲಿ ಪೆನಾಲ್ಟಿಯಲ್ಲಿ ಸೋತದ್ದನ್ನೂ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೊದಲು ಮುನ್ನಡೆ ಪಡೆದು ಹೆಚ್ಚುವರಿ ಸಮಯದಲ್ಲಿ ಬಿದ್ದದ್ದನ್ನೂ, ಎರಡು ಬಾರಿಯೂ ಅದೇ ಬಾಗಾನಿಗೆ ಮಣಿದದ್ದನ್ನೂ ಕಾಲು ಗಂಟೆ ಹೇಳಿದ.

ಇದು ನಾವು ಗಮನಿಸಿದ ಸಂಗತಿ. ಗೆದ್ದ ಪಂದ್ಯವನ್ನು ಕೇಳಿದರೆ ‘ಗೆದ್ದೆವು’ ಎನ್ನುತ್ತಾರೆ. ಸೋತ ಪಂದ್ಯವನ್ನು ಎಸೆತ ಎಸೆತವಾಗಿ ಹೇಳುತ್ತಾರೆ. ಹೇಳುವಾಗ ಅವರ ಮುಖದಲ್ಲಿ ದುಃಖವಿಲ್ಲ, ಏನೋ ಒಂದು ತೃಪ್ತಿಯಿದೆ. ಸಂತ ಅಗಸ್ಟೀನರಿಗೂ ಈ ಒಗಟು ಕಾಡಿತ್ತು. ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಅವರು ನೆನಪನ್ನು ಮನಸ್ಸಿನ ಹೊಟ್ಟೆಗೆ ಹೋಲಿಸುತ್ತಾರೆ. ಸಿಹಿಯೂ ಕಹಿಯೂ ಒಳಗೆ ಹೋಗುತ್ತವೆ. ಹೋದ ಮೇಲೆ ರುಚಿ ಉಳಿಯುವುದಿಲ್ಲ. ಆದ್ದರಿಂದಲೇ ಹಿಂದಿನ ದುಃಖವನ್ನು ಮನುಷ್ಯ ಸಂತೋಷದಿಂದಲೇ ಸ್ಮರಿಸಬಲ್ಲ. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಕಲಿತಿದ್ದೆವು. ಅರ್ಥವಾದದ್ದು ಬೇವಿನ ಮರದ ಕೆಳಗೆ.

ಅಷ್ಟರಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು, ಕಾಲುವೆ ಅಂಚಿನ ಭತ್ತದ ರೈತರು, ಕೈಕಟ್ಟಿ ನಿಂತು ಕೇಳುತ್ತಿದ್ದವರು, ಬಾಯಿ ಬಿಟ್ಟರು. “ಇವೂ ಒಂದು ಸೋಲೇನ್ರಿ ಫಾದರ್? ಹೋದ ವರ್ಷ ಡ್ಯಾಮಿನ ಗೇಟು ಕಿತ್ತು ಹೋದಾಗ ಇವರ್ಯಾರೂ ಇಷ್ಟು ಅಳ್ಲಿಲ್ಲ.” 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದದ್ದನ್ನು ಈ ಸೀಮೆಯವರಾರೂ ಮರೆತಿಲ್ಲ. ತುಂಬಿದ ಜಲಾಶಯದ ನೀರು ನದಿಗೆ ನುಗ್ಗಿ ಹೋಗುವುದನ್ನು ನೋಡುತ್ತ ನಿಂತ ದಿನಗಳವು. ಹುಡುಗರು ತಲೆ ತಗ್ಗಿಸಿದರು. ಹಿರಿಯರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಪೂರ್ಣ ನ್ಯಾಯವಿರಲಿಲ್ಲವೆಂದು ನಮಗನ್ನಿಸಿತು, ಏಕೆಂದರೆ ನಾವೂ ಒಮ್ಮೆ ಹೀಗೆಯೇ ಅತ್ತವರು.

1999ರ ಜನವರಿ 31, ಅದೂ ಭಾನುವಾರವೇ. ಚೆನ್ನೈಯಲ್ಲಿ ಪಾಕಿಸ್ತಾನದೊಡನೆ ಟೆಸ್ಟ್. ಆಗ ನಾವು ಗುರುಮಠದ ಕೊನೆಯ ವರ್ಷಗಳಲ್ಲಿದ್ದೆವು. ಊಟದ ಕೋಣೆಯ ಟಿ.ವಿ. ಮುಂದೆ ನಲವತ್ತು ಮಂದಿ. ಗೆಲ್ಲಲು 271 ಬೇಕಿತ್ತು. ಬೆನ್ನುನೋವಿನಲ್ಲಿ ನರಳುತ್ತಲೇ ತೆಂಡೂಲ್ಕರ್ 136 ಹೊಡೆದು, ಇನ್ನು 17 ರನ್ ಬೇಕಿದ್ದಾಗ ಔಟಾದರು. ಆಮೇಲೆ ಉಳಿದವರು ನಾಲ್ವರು: ಸುನಿಲ್ ಜೋಶಿ, ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್. ನಾಲ್ವರೂ ಕರ್ನಾಟಕದವರು! ಆ ಪಂದ್ಯದಲ್ಲಿ ಚೆಂಡಿನಿಂದ ತಂಡವನ್ನು ಎತ್ತಿ ಹಿಡಿದವರೂ ಇವರಲ್ಲಿದ್ದರು. ಪ್ರಸಾದ್ ಎರಡನೆಯ ಸರದಿಯಲ್ಲಿ 33 ರನ್ನಿಗೆ 6 ವಿಕೆಟ್ ಕಿತ್ತಿದ್ದರು. ಜೋಶಿಯಂತೂ ನಮ್ಮ ನೆರೆಯ ಗದಗಿನವರು, ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದವರು. ನಾಲ್ಕೇ ರನ್ನುಗಳಲ್ಲಿ ಮೂರು ವಿಕೆಟ್ ಬಿದ್ದವು. 258. ಹನ್ನೆರಡು ರನ್ನುಗಳ ಸೋಲು. ಊಟದ ಕೋಣೆಯಲ್ಲಿ ಯಾರೂ ಎದ್ದು ಹೋಗಲಿಲ್ಲ.

ಮುಂದೆ ಕಂಡದ್ದನ್ನು ನಾವು ಇಂದಿಗೂ ಮರೆತಿಲ್ಲ. ಚೆನ್ನೈಯ ಜನ ಮನೆಗೆ ಹೋಗಲಿಲ್ಲ. ಗೆದ್ದ ಪಾಕಿಸ್ತಾನದ ಆಟಗಾರರು ಮೈದಾನ ಸುತ್ತಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೂರು ವರ್ಷಗಳ ಹಿಂದೆ, 1996ರ ಮಾರ್ಚ್ 13ರಂದು, ಕೋಲ್ಕತ್ತದ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಭಾರತ 120ಕ್ಕೆ 8 ವಿಕೆಟ್ ಕಳೆದುಕೊಂಡಾಗ ಬಾಟಲಿಗಳು ತೂರಿಬಂದಿದ್ದವು, ಆಸನಗಳಿಗೆ ಬೆಂಕಿ ಬಿದ್ದಿತ್ತು. ಪಂದ್ಯ ನಿಲ್ಲಿಸಿ ಶ್ರೀಲಂಕಾ ಗೆದ್ದಿತೆಂದು ಘೋಷಿಸಬೇಕಾಯಿತು. ಒಂದೇ ದೇಶ, ಒಂದೇ ಆಟ, ಎರಡು ಸೋಲು. ಜನಸಮೂಹ ಸೋಲನ್ನು ಹೊರುವ ಬಗೆ ಹುಟ್ಟಿನಿಂದ ಬರುವುದಲ್ಲ, ಕಲಿತು ಬರುವುದು.

ನಮ್ಮ ಹುಡುಗರು ಅದನ್ನು ಕಲಿತಿದ್ದರು. ಮೈಸೂರಿನಲ್ಲಿ 2010ರ ಜನವರಿಯಲ್ಲಿ ರಣಜಿ ಫೈನಲ್ ಸೋತದ್ದನ್ನು ಗಿರಣಿಯವನೇ ನೆನಪಿಸಿದ. ಮೊದಲ ಸರದಿಯಲ್ಲಿ ಬರೀ 130ಕ್ಕೆ ಕುಸಿದ ಕರ್ನಾಟಕ, 338ರ ಗುರಿ ಬೆನ್ನಟ್ಟಿ, ಮನೀಶ್ ಪಾಂಡೆಯ 144ರ ಬಲದಿಂದ 331ರವರೆಗೆ ಬಂತು. ಮುಂಬಯಿ ಗೆದ್ದದ್ದು ಆರು ರನ್ನಿನಿಂದ. “ಮತ್ತ ಆರು ನೋಡ್ರಿ!” ಎಂದು ಎಲ್ಲರೂ ನಕ್ಕರು. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಕೂಗಿ, ವರ್ಷವರ್ಷವೂ ಸೋತು, ಊರೆಲ್ಲ ಅಪಹಾಸ್ಯ ಮಾಡಿದರೂ ಮತ್ತೆ ಅದನ್ನೇ ಕೂಗುವುದು ಸಾಮಾನ್ಯ ಸಹನೆಯಲ್ಲ. ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ: “ಕಪ್ಪು ನಾವು ಹೆಣ್ಮಕ್ಕಳು 2024ರಾಗ ತಂದೀವ್ರಿ ಫಾದರ್, ಇವರಿಗೆ ಲೆಕ್ಕಕ್ಕಿಲ್ಲ.” ಸ್ಮೃತಿ ಮಂಧಾನ ಅವರ ತಂಡ ದೆಹಲಿಯಲ್ಲಿ ಗೆದ್ದದ್ದೂ, ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಪಡೆದದ್ದೂ ನಿಜ. ಹುಡುಗರ ಬಳಿ ಉತ್ತರವಿರಲಿಲ್ಲ.

ಜೂನ್ 3, ಮಂಗಳವಾರ, ಅಹಮದಾಬಾದ್. ಬೆಂಗಳೂರು 190, ಪಂಜಾಬ್ 184. ಹದಿನೆಂಟನೆಯ ವರ್ಷದಲ್ಲಿ ಕಪ್ ಬಂತು, ಅಂತರ ಆರು ರನ್. ನಡುರಾತ್ರಿಯವರೆಗೆ ಗಂಗಾವತಿಯ ಬೀದಿಗಳಲ್ಲಿ ಪಟಾಕಿ. ಗಿರಣಿಯ ಹುಡುಗ ನಮ್ಮ ಬಾಗಿಲು ತಟ್ಟಿ ಪೇಡೆ ಕೊಟ್ಟು ಹೋದ. ಅವನ ಕಣ್ಣಲ್ಲಿ ನೀರಿತ್ತು. ಆರು ರನ್ನುಗಳ ಸಾಲ ತೀರಿತೆಂದ.

ಮರುದಿನ ಬೆಂಗಳೂರಿನಲ್ಲಿ ವಿಜಯೋತ್ಸವ. ಸುಮಾರು 35 ಸಾವಿರ ಆಸನಗಳ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ ನೂಕುನುಗ್ಗಲಾಯಿತು. ಹನ್ನೊಂದು ಮಂದಿ ಸತ್ತರು, ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ತಪ್ಪು ಯಾರದೆಂದು ತಿಳಿಯಲು ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗವನ್ನು ನೇಮಿಸಿತು. ಜುಲೈಯಲ್ಲಿ ವರದಿಯೂ ಬಂತು. ಆ ವಿಚಾರ ನಮ್ಮ ಅಂಕಣದ್ದಲ್ಲ. ನಮ್ಮನ್ನು ಕಾಡಿದ್ದು ಇಷ್ಟೇ: ಹದಿನೇಳು ವರ್ಷ ಸೋಲನ್ನು ಹೊರಲು ಕಲಿತ ಜನಕ್ಕೆ ಒಂದು ಗೆಲುವನ್ನು ಹೊರಲು ಯಾರೂ ದಾರಿ ತೋರಿಸಿರಲಿಲ್ಲ. ಕೂಗಿ ಕರೆದವರೂ ತೋರಿಸಲಿಲ್ಲ.

ಬೆಂಗಳೂರಿನ ಕೆಲಸಕ್ಕೆ ಮರಳಿದ್ದ ನಮ್ಮ ಫುಟ್‌ಬಾಲ್ ಹುಡುಗನ ತಾಯಿ ಆ ಸಂಜೆ ಎರಡು ತಾಸು ಫೋನು ಹಿಡಿದು ಕುಳಿತಿದ್ದರು. ಅವನು ಕೋಣೆಯಲ್ಲೇ ಇದ್ದ. ಫೋನಿನ ಚಾರ್ಜು ಮುಗಿದಿತ್ತು, ಅಷ್ಟೇ. ಆದರೆ ಆ ಎರಡು ತಾಸುಗಳನ್ನು ಆ ತಾಯಿ ಯಾವ ಹೊಟ್ಟೆಯಲ್ಲಿ ಜೀರ್ಣಿಸಿಕೊಳ್ಳಬೇಕೆಂದು ಸಂತ ಅಗಸ್ಟೀನರು ನಮಗೆ ಹೇಳಿಲ್ಲ.

ಜೂನ್ 8, ಪಂಚಾಶತ್ತಮ ಹಬ್ಬದ ಭಾನುವಾರ. ಪೂಜೆಗೆ ಮೊದಲು ಆ ಭತ್ತದ ರೈತರು ಬಂದರು. ಕಿಸೆಯಿಂದ ಮಡಿಸಿದ ನೋಟು ತೆಗೆದು ಪೂಜಾಕಾಣಿಕೆಯೆಂದು ಮೇಜಿನ ಮೇಲಿಟ್ಟರು. ಯಾರ ಹೆಸರಿನಲ್ಲಿ ಎಂದು ಕೇಳಿದೆವು.

“ಬೆಂಗಳೂರಾಗ ಸತ್ತ ಆ ಹುಡುಗರಿಗೆ, ಫಾದರ್. ಹೆಸರು ನನಗ ಗೊತ್ತಿಲ್ಲ. ಹನ್ನೊಂದು ಮಂದಿ ಅಂತ ಬರಕೋರಿ.”

ನಾವು ಹಾಗೆಯೇ ಬರೆದುಕೊಂಡೆವು. ಪೂಜೆಯಾದ ಮೇಲೆ ಹುಡುಗರು ಬೇವಿನ ಮರದ ಕೆಳಗೆ ನಿಂತಿದ್ದರು. ಅವರ ನಡುವೆ ಅಂದು ಆ ರೈತರೂ ನಿಂತಿದ್ದರು.