ಎಂಜಿನ್ ಬಿಸಿ, ಮೀಟರ್ ತಣ್ಣಗೆ: ಸರಣಿ ರೋಧದ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೆಯ ತರಗತಿಗೆ ನಾನು ರೋಧಕಗಳ ಸರಣಿ ಜೋಡಣೆಯ ಪಾಠ ಮಾಡಿದ್ದೆ. ಸೂತ್ರ ಬರೆದೆ, ಎರಡು ಲೆಕ್ಕ ಮಾಡಿಸಿದೆ, ಉತ್ತರ ಸರಿ ಬಂತು. ಪಾಠ ವೀಕ್ಷಿಸಿದ ಮಾರ್ಗದರ್ಶಕರು ಟಿಪ್ಪಣಿ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಮಕ್ಕಳು ಉತ್ತರಿಸಿದರು, ಯಾರೂ ಪ್ರಶ್ನೆ ಕೇಳಲಿಲ್ಲ.’ ಆ ಪಾಠವನ್ನು ಮತ್ತೆ ಯೋಜಿಸಲು ನೆರವಾದದ್ದು ನನ್ನ ಸೋದರಮಾವನ ಬಾಡಿಗೆ ಕಾರು.

ಸಮಸ್ಯೆ

ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಕಾರಿನ ಮುಂಭಾಗದಿಂದ ಹಬೆ ಎದ್ದಿತ್ತು. ಆದರೆ ತಾಪಮಾನದ ಮುಳ್ಳು ತಳದಲ್ಲೇ ಇತ್ತು. ರೇಡಿಯೇಟರ್ ಫ್ಯಾನ್ ತಿರುಗಿರಲಿಲ್ಲ. ಗ್ಯಾರೇಜಿನಲ್ಲಿ ಮೊದಲು ಥರ್ಮೋಸ್ಟಾಟ್, ಆಮೇಲೆ ಸೆನ್ಸರ್ ಬದಲಾಯಿಸಿದರು. ‘ದುಡ್ಡು ಹೋಯ್ತು, ಮೀಟರ್ ಮಾತ್ರ ಹಾಗೇ ಉಂಟು ಮಾರಾಯ್ತಿ’ ಎಂದರು ಮಾವ. ಇನ್ನೊಮ್ಮೆ ಕುದಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ ಎಂಬ ಭಯಕ್ಕೆ ಬಾಡಿಗೆಯನ್ನೇ ನಿಲ್ಲಿಸಿದ್ದರು.

ಸೆನ್ಸರ್ ಕೆಲಸ ಮಾಡುವ ಬಗೆ

ಕೂಲೆಂಟ್ ತಾಪಮಾನದ ಸೆನ್ಸರ್ ಒಳಗಿರುವುದು ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ರೋಧ ಇಳಿಯುತ್ತದೆ. ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರ್‌ನಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2500 ಓಮ್, 40ಕ್ಕೆ 1175, 80ಕ್ಕೆ 323 ಓಮ್ ಇರುತ್ತದೆ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ ಸೆನ್ಸರ್‌ಗೆ 5 ವೋಲ್ಟ್ ಕೊಡುತ್ತದೆ. ಎರಡೂ ಸರಣಿಯಲ್ಲಿವೆ. ಸ್ಥಿರ ರೋಧಕ 2200 ಓಮ್ ಎಂದುಕೊಳ್ಳೋಣ. 80 ಡಿಗ್ರಿಯಲ್ಲಿ ಸೆನ್ಸರ್ ಪಾಲಿಗೆ ಬರುವ ವಿಭವಾಂತರ 5 × 323 ÷ 2523, ಸುಮಾರು 0.64 ವೋಲ್ಟ್.

ಇಲ್ಲಿ ಗಮನಿಸಬೇಕಾದ ಅಂಶ, ಇಸಿಯು ತಾಪವನ್ನು ನೋಡುವುದಿಲ್ಲ, ವೋಲ್ಟೇಜನ್ನು ಮಾತ್ರ ನೋಡುತ್ತದೆ. ದಾರಿಯಲ್ಲಿ ಬೇರೆ ರೋಧ ಸೇರಿಕೊಂಡರೆ ಅದನ್ನೂ ಸೆನ್ಸರಿನದೇ ಎಂದು ತಿಳಿಯುತ್ತದೆ.

ಪರೀಕ್ಷೆಯ ಹಂತಗಳು

1. ಅಳತೆ ಸುಳ್ಳೋ, ಎಂಜಿನ್ನೇ ತಣ್ಣಗಿದೆಯೋ? ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟ್ ಮತ್ತು ಹೊರಗಿನ ಗಾಳಿಯ ತಾಪ ಹೆಚ್ಚುಕಡಿಮೆ ಒಂದೇ ಇರಬೇಕು. ಬೆಳಿಗ್ಗೆ ಕೂಲೆಂಟ್ ಮಟ್ಟ ಸರಿಯಿದೆಯೆಂದು ನೋಡಿಕೊಂಡೆವು. (ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು.) ಆಮೇಲೆ ಕಾರಿನ ತಪಾಸಣಾ ಪೋರ್ಟಿಗೆ ರೀಡರ್ ಸಿಕ್ಕಿಸಿ ಫೋನಿನಲ್ಲಿ ಓದಿದೆವು. ಒಳಸೇರುವ ಗಾಳಿ 20 ಡಿಗ್ರಿ, ಕೂಲೆಂಟ್ 12. ರಾತ್ರಿಯಿಡೀ ನಿಂತ ನೀರು ಸುತ್ತಲಿನ ಗಾಳಿಗಿಂತ ಇಷ್ಟು ತಣ್ಣಗಿರಲು ಸಾಧ್ಯವಿಲ್ಲ. ಥರ್ಮೋಸ್ಟಾಟ್ ತೆರೆದೇ ಉಳಿದರೆ ಎಂಜಿನ್ ನಿಧಾನವಾಗಿ ಬಿಸಿಯಾದೀತು, ಗಾಳಿಗಿಂತ ತಣ್ಣಗಾಗದು. ಅಳತೆಯೇ ಸುಳ್ಳು ಎಂಬುದು ಇಲ್ಲಿಗೆ ಖಚಿತವಾಯಿತು.

2. ಸೆನ್ಸರ್ ಸರಿಯಿದೆಯೇ? ಕನೆಕ್ಟರ್ ಬಿಚ್ಚಿ ಸೆನ್ಸರಿನ ರೋಧ ಅಳೆದೆವು. ಸುಮಾರು 2500 ಓಮ್. ಗ್ಯಾರೇಜಿನವರು ಕಳಚಿಕೊಟ್ಟಿದ್ದ ಹಳೆಯ ಸೆನ್ಸರ್ ಡಿಕ್ಕಿಯಲ್ಲೇ ಇತ್ತು. ಅದರದ್ದೂ ಅಷ್ಟೇ. ಹಳೆಯದರಲ್ಲೂ ದೋಷ ಕಾಣಲಿಲ್ಲ.

3. ತಂತಿಯ ದಾರಿ ಸರಿಯಿದೆಯೇ? ಕನೆಕ್ಟರ್ ಬಿಚ್ಚಿದಾಗ ಫೋನು ಮೈನಸ್ 40 ತೋರಿಸಿತು. ಇದು ಸಹಜ. ದಾರಿ ಕಡಿದರೆ ಇಸಿಯುಗೆ ಪೂರ್ತಿ 5 ವೋಲ್ಟ್ ಕಾಣುತ್ತದೆ, ಅದನ್ನು ಕಡುಚಳಿ ಎಂದು ಓದುತ್ತದೆ. ನಂತರ ಕನೆಕ್ಟರಿನ ಎರಡೂ ತುದಿಗಳನ್ನು ತಂತಿಯ ತುಂಡಿನಿಂದ ಸೇರಿಸಿದೆವು. (ಎರಡೇ ತಂತಿಯ ಸೆನ್ಸರ್ ಇದ್ದಾಗ ಮಾತ್ರ ಹೀಗೆ ಮಾಡಬಹುದು. ಬೇರೆ ಬಗೆಯದಾದರೆ ಆ ಕಾರಿನ ಸರ್ವಿಸ್ ಕೈಪಿಡಿ ನೋಡಬೇಕು.) ರೋಧ ಸೊನ್ನೆಯಾದಾಗ ಅಳತೆ 130 ಡಿಗ್ರಿಗೂ ಮೇಲಕ್ಕೆ ಜಿಗಿಯಬೇಕಿತ್ತು. ಬಂದದ್ದು 45. ಸೆನ್ಸರ್ ಇಲ್ಲದೆಯೂ ಸುಮಾರು 1000 ಓಮ್ ರೋಧ ದಾರಿಯಲ್ಲಿ ಉಳಿದಿತ್ತು.

4. ಆ ರೋಧ ಎಲ್ಲಿದೆ? ಸೆನ್ಸರ್ ಮತ್ತೆ ಜೋಡಿಸಿ, ಕೀಲಿ ತಿರುಗಿಸಿ, ಅದರ ಗ್ರೌಂಡ್ ತುದಿ ಮತ್ತು ಬ್ಯಾಟರಿಯ ಋಣ ತುದಿಯ ನಡುವೆ ವಿಭವಾಂತರ ಅಳೆದೆವು. ಅದು ಸೊನ್ನೆಯ ಹತ್ತಿರ ಇರಬೇಕು. ಸುಮಾರು 0.9 ವೋಲ್ಟ್ ಇತ್ತು. ಕನೆಕ್ಟರಿನ ರಬ್ಬರ್ ಸರಿಸಿದಾಗ ಗ್ರೌಂಡ್ ತಂತಿ ಟರ್ಮಿನಲ್‌ಗೆ ಸೇರುವಲ್ಲಿ ಹಸಿರು ಕಿಲುಬು ಹಿಡಿದಿತ್ತು. ಅಷ್ಟು ಕತ್ತರಿಸಿ ಹೊಸ ಟರ್ಮಿನಲ್ ಹಾಕಿದ ಮೇಲೆ ಮುಳ್ಳು ಮೇಲೇರಿತು, ಫ್ಯಾನ್ ಸರಿಯಾದ ಹೊತ್ತಿಗೆ ತಿರುಗಿತು.

ತರಗತಿಯಲ್ಲಿ

ಹಳೆಯ ಸೆನ್ಸರನ್ನು ಮಾವನಿಂದ ಕೇಳಿ ಪಡೆದೆ. ಐದು ಗುಂಪುಗಳು ಸರದಿಯಲ್ಲಿ ಅದನ್ನು ಸ್ಟೀಲ್ ಲೋಟದ ನೀರಿನಲ್ಲಿ ಅದ್ದಿ, 10 ಡಿಗ್ರಿಯಿಂದ 80 ಡಿಗ್ರಿಯವರೆಗೆ ರೋಧ ಅಳೆದು ನಕ್ಷೆ ಬರೆದವು. ತಣ್ಣೀರಿಗೆ ಐಸ್, ಬಿಸಿನೀರಿಗೆ ಫ್ಲಾಸ್ಕ್. ಆಮೇಲೆ ಒಂದು ಗುಂಪಿಗೆ ಇಸಿಯು ಪಾತ್ರ ಕೊಟ್ಟೆ. ಅವರು ಲೋಟ ನೋಡುವಂತಿಲ್ಲ, ನಾನು ಹೇಳಿದ ಒಟ್ಟು ರೋಧದಿಂದ ನಕ್ಷೆ ನೋಡಿ ತಾಪ ಹೇಳಬೇಕು. ಅವರಿಗೆ ತಿಳಿಸದೆ ಸರಣಿಯಲ್ಲಿ 1000 ಓಮ್ ರೋಧಕ ಸೇರಿಸಿದೆ. 80 ಡಿಗ್ರಿ ನೀರಿಗೆ ‘37’ ಎಂದರು, 20 ಡಿಗ್ರಿ ನೀರಿಗೆ ‘12’ ಎಂದರು. ಲೋಟ ಕಾಣುತ್ತಿದ್ದವರು ನಗತೊಡಗಿದರು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಟೀಚರ್, ಸೇರಿಸಿದ್ದು ಅದೇ 1000 ಅಲ್ವಾ? ತಣ್ಣೀರಲ್ಲಿ 8 ಡಿಗ್ರಿ ತಪ್ಪು, ಬಿಸಿನೀರಲ್ಲಿ 43 ಡಿಗ್ರಿ ತಪ್ಪು, ಯಾಕೆ?’

ನಾನು ಉತ್ತರ ಹೇಳದೆ ಎರಡು ಸಂಕಲನಗಳನ್ನು ಹಲಗೆಯ ಮೇಲೆ ಬರೆದೆ: 2500 + 1000 ಮತ್ತು 323 + 1000. ‘ಬಿಸಿ ಆದಾಗ ಸೆನ್ಸರ್‌ಗಿಂತ ಕಿಲುಬೇ ಮೂರು ಪಟ್ಟು ದೊಡ್ಡದು’ ಎಂದ ಇನ್ನೊಬ್ಬ. ಎಂಜಿನ್ ಕುದಿಯುತ್ತಿದ್ದರೂ ಫ್ಯಾನ್ ಏಕೆ ತಿರುಗಲಿಲ್ಲ ಎಂಬುದನ್ನು ಮಕ್ಕಳೇ ವಿವರಿಸಿದರು.

ನಾನು ಕಲಿತದ್ದು

ಇದಕ್ಕೂ ಹಿಂದೆ ಒಂದು ಕಿರುಪರೀಕ್ಷೆಯಲ್ಲಿ ಸಮಾಂತರ ಜೋಡಣೆಯ ಲೆಕ್ಕವನ್ನು ಹಲವರು ತಪ್ಪು ಮಾಡಿದ್ದರು. ನಾನು ಇಡೀ ಪಾಠವನ್ನೇ ಮತ್ತೆ ಮಾಡಿದ್ದೆ. ಅದು ಪರೀಕ್ಷಿಸದೆ ಸೆನ್ಸರ್ ಬದಲಾಯಿಸಿದಂತೆಯೇ. ಉತ್ತರ ಪತ್ರಿಕೆಗಳನ್ನು ಹಂತ ಹಂತವಾಗಿ ಓದಿದಾಗ ಕಂಡದ್ದು ಬೇರೆ. ಹೆಚ್ಚಿನವರು 1/ಆರ್‌ಗಳನ್ನು ಸರಿಯಾಗಿಯೇ ಕೂಡಿದ್ದರು, ಕೊನೆಯಲ್ಲಿ ಅದನ್ನು ತಿರುಗಿಸಿ ಆರ್ ಪಡೆಯಲು ಮರೆತಿದ್ದರು. ಹತ್ತು ನಿಮಿಷದ ಅಭ್ಯಾಸ ಸಾಕಾಯಿತು.

ಈ ಚಟುವಟಿಕೆ ಮಾಡುವ ಸಹಪಾಠಿಗಳಿಗೆ ಒಂದು ಸೂಚನೆ: ಸೆನ್ಸರ್ ನೀರಿನ ತಾಪಕ್ಕೆ ಬರಲು ಒಂದೆರಡು ನಿಮಿಷ ಬೇಕು. ಮೊದಲ ಗುಂಪು ಅವಸರದಲ್ಲಿ ಓದಿದ್ದರಿಂದ ನನ್ನ ತರಗತಿಯ ನಕ್ಷೆಯಲ್ಲಿ ಒಂದು ಬಿಂದು ಈಗಲೂ ದಾರಿ ತಪ್ಪಿ ನಿಂತಿದೆ. ಅದನ್ನು ಅಳಿಸಲು ಬಿಡಲಿಲ್ಲ, ಏಕೆ ತಪ್ಪಿತೆಂದು ಕೆಳಗೆ ಬರೆಸಿದೆ.