ಹೊಸದುರ್ಗ ಮೊದಲೋ, ಹೊಳಲ್ಕೆರೆ ಮೊದಲೋ?

ಕನ್ನಡ ಶಾಲೆಯಲ್ಲಿ ಕಲಿತವರನ್ನು ಕೇಳಿದರೆ, ಅಕಾರಾದಿಯಲ್ಲಿ ಹೊಸದುರ್ಗ ಮೊದಲು, ಹೊಳಲ್ಕೆರೆ ಆಮೇಲೆ ಎನ್ನುತ್ತಾರೆ. ವರ್ಣಮಾಲೆ ಮುಗಿಯುವುದೇ ‘ಶ ಷ ಸ ಹ ಳ’ ಎಂದು. ಆದರೆ ಒಂದು ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳನ್ನು ತುಂಬಿ, ‘ಸಿ’ ಎಂಬ ಲೊಕೇಲಿನಲ್ಲಿ (ಭಾಷಾ ಹೊಂದಿಕೆಯಲ್ಲಿ) ಜೋಡಿಸು ಎಂದರೆ ಬರುವ ಪಟ್ಟಿ ಇದು: ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮುರು, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ಕೊನೆಯ ಎರಡು ಊರು ಅದಲುಬದಲಾಗಿವೆ. ಯಾಕೆ ಎನ್ನುವ ಮುನ್ನ ಈ ಯಂತ್ರ ಹೇಗೆ ನಡೆಯುತ್ತದೆಂದು ನೋಡೋಣ.

ವಾಣಿ ವಿಲಾಸ ಸಾಗರ ಯಾವ ಯಾವ ವರ್ಷ ಕೋಡಿ ಬಿದ್ದಿತ್ತು ಎಂದು ಹಿರಿಯೂರಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಹುಡುಕಿದಳೆನ್ನಿ. ಆ ಕೋರಿಕೆಯನ್ನು ಮೊದಲು ಎದುರುಗೊಳ್ಳುವುದು ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್. ಅದು ಹಿಂದಿರುವ ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸುತ್ತದೆ, ಪ್ರೋಗ್ರಾಮು ಡೇಟಾಬೇಸನ್ನು ಕೇಳುತ್ತದೆ, 1933, 2022 ಮೊದಲಾದ ಸಾಲುಗಳು ಪುಟವಾಗಿ ಅವಳಿಗೆ ಮರಳುತ್ತವೆ. ಸರ್ವರು, ಡೇಟಾಬೇಸು ಎರಡೂ ಉಚಿತ. ‘ಆಪ್ಟ್ ಇನ್‌ಸ್ಟಾಲ್’ ಎಂದು ಶುರುವಾಗುವ ಒಂದೇ ಸಾಲಿನ ಆಜ್ಞೆಗೆ ಬಂದು ಕೂರುತ್ತವೆ.

ಹೊರಗಿನವರಿಗೆ ತೆರೆದಿರಬೇಕಾದ್ದು ವೆಬ್ ಸರ್ವರಿನ 80 ಮತ್ತು 443ನೇ ಪೋರ್ಟು ಮಾತ್ರ. ಪೋಸ್ಟ್‌ಗ್ರೆಸ್ ಕಾಯುವ 5432 ಒಳಮನೆಯ ಬಾಗಿಲು, ಅದೇ ಯಂತ್ರದ ಪ್ರೋಗ್ರಾಮುಗಳಿಗಷ್ಟೇ ತೆರೆಯಬೇಕು. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆಗೆ ಅಪಾಯ ಬಂದದ್ದು ಓಬವ್ವನ ಕಿಂಡಿಯಿಂದಲ್ಲವೇ?

ಕರೆಂಟು ಹೋದರೆ? ಭೀಮಸಮುದ್ರದ ಅಡಿಕೆ ವ್ಯಾಪಾರ ಬಲ್ಲವರು ಕಿರ್ದಿ, ಖಾತೆ ಎರಡನ್ನೂ ಬಲ್ಲರು. ವ್ಯವಹಾರ ಮೊದಲು ದಿನದ ಕಿರ್ದಿಗೆ ಬೀಳುತ್ತದೆ, ಆಮೇಲೆ ಅವರವರ ಖಾತೆಗೆ ಏರುತ್ತದೆ. ಪೋಸ್ಟ್‌ಗ್ರೆಸ್ಸಿನದೂ ಇದೇ ಕ್ರಮ. ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆದು ಡಿಸ್ಕಿಗೆ ಮುಟ್ಟಿಸಿ, ಆಮೇಲಷ್ಟೇ ‘ಆಯಿತು’ ಎನ್ನುತ್ತದೆ. ಮೂಲ ಕೋಷ್ಟಕವನ್ನು ತಿದ್ದುವುದು ನಿಧಾನವಾಗಿ. ನಡುವೆ ಕರೆಂಟು ಹೋಗಿ ಬಂದರೆ ಲಾಗನ್ನು ಓದಿಕೊಂಡು ಉಳಿದ ಲೆಕ್ಕವನ್ನು ತಾನೇ ಏರಿಸಿಕೊಳ್ಳುತ್ತದೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಚೆಲುವಾಗಿ ಕಾಣುವ ಭಾಗ ಇದು.

ಇನ್ನು ಅಕ್ಷರದ ಮಾತು. ‘ಹಿರಿಯೂರು’ ನಮಗೆ ನಾಲ್ಕು ಅಕ್ಷರ. ಯಂತ್ರಕ್ಕೆ ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ, ಒಟ್ಟು ಎಂಟು ಸಂಕೇತ; ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟು. ಯುನಿಕೋಡಿನಲ್ಲಿ ಪ್ರತಿ ಸಂಕೇತಕ್ಕೂ ಒಂದು ಸಂಖ್ಯೆಯಿದೆ. ‘ಳ’ 3251, ‘ಸ’ 3256. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ್ದ ಇಸ್ಕಿ ಮಾನಕವನ್ನು ಯುನಿಕೋಡ್ ಅನುಸರಿಸಿತು. ಆ ಚೌಕಟ್ಟಿನಲ್ಲಿ ‘ಲ’ದ ಪಕ್ಕದ ಮನೆ ‘ಳ’ಕ್ಕೆ ಸಿಕ್ಕಿತು. ‘ಸಿ’ ಲೊಕೇಲ್ ನೋಡುವುದು ಸಂಖ್ಯೆಯನ್ನು ಮಾತ್ರ. ಹಾಗಾಗಿ ಹೊಳಲ್ಕೆರೆ ಮುಂದೆ ಬಂತು.

ಆರು ಊರುಗಳ ಪಟ್ಟಿಯಲ್ಲಿ ಇದು ಸಣ್ಣ ಸಂಗತಿ ಎನಿಸಬಹುದು. ಸಾವಿರಾರು ಹೆಸರುಗಳ ಮತದಾರರ ಪಟ್ಟಿಯಲ್ಲೋ ನಿಘಂಟಿನಲ್ಲೋ ‘ಳ’ ತಪ್ಪಿದ ಜಾಗದಲ್ಲಿ ಕುಳಿತರೆ, ಕನ್ನಡದ ಕ್ರಮದಲ್ಲಿ ಹುಡುಕುವವರ ಕೈಗೆ ಆ ಹೆಸರು ಸಿಗುವುದೇ ಇಲ್ಲ.

ಪರಿಹಾರವಿದೆ. 2017ರಲ್ಲಿ ಬಂದ ಹತ್ತನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ಸು ಐಸಿಯು ಎಂಬ ಇನ್ನೊಂದು ಮುಕ್ತ ತಂತ್ರಾಂಶದ ನೆರವು ಪಡೆಯುತ್ತದೆ. ಆಯಾ ಭಾಷೆಯ ವರ್ಣಕ್ರಮವನ್ನು ಬಲ್ಲ ತಂತ್ರಾಂಶ ಅದು. ಪ್ರಶ್ನೆಯ ಕೊನೆಗೆ ‘ಕೊಲೇಟ್’ ಎಂದು ಬರೆದು ಕನ್ನಡದ ಐಸಿಯು ಕ್ರಮವನ್ನು ಹೆಸರಿಸಿ ಎಂಟರ್ ಒತ್ತಿದರೆ ಆಯಿತು. ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮುರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ.