ಗುಜರಿಗೆ ಹಾಕುವ ಮುಂಚೆ

ಅಬ್ಬಾ ಅಂಗಡಿಯಿಂದ ಮನೆಗೆ ತಂದಿಟ್ಟಿದ್ದ ಹಳೆಯ ಕಂಪ್ಯೂಟರಿಗೆ ಗುಜರಿಯವನು ಆರುನೂರು ರೂಪಾಯಿ ಹೇಳಿದ. ಅದು ಆನ್ ಆಗುವಷ್ಟರಲ್ಲಿ ಒಂದು ಚಹಾ ಕುಡಿದು ಮುಗಿಯುತ್ತಿತ್ತು. ಆದರೆ ತಂಗಿ ಈ ವರ್ಷ ಎಸ್ಸೆಸ್ಸೆಲ್ಸಿ, ಹೊಸದು ಕೊಳ್ಳುವ ಸ್ಥಿತಿ ನಮ್ಮದಲ್ಲ. "ಭಾನುವಾರದವರೆಗೆ ಬಿಡಿ ಅಬ್ಬಾ, ಲಿನಕ್ಸ್ ಹಾಕಿ ನೋಡುತ್ತೇನೆ" ಎಂದೆ.

ಲಿನಕ್ಸ್ ಎಂದರೆ ಯುನಿಕ್ಸ್ ಮಾದರಿಯ ಉಚಿತ ಆಪರೇಟಿಂಗ್ ಸಿಸ್ಟಮ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹಳೆ ಯಂತ್ರದವರಿಗೆ ಇದು ಒಳ್ಳೆಯ ದಾರಿ.

ಮೊದಲು ಪ್ರೊಸೆಸರ್ 64 ಬಿಟ್ ಹೌದೋ ನೋಡಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ಸಿಸ್ಟಮ್ ಟೈಪ್ ಸಾಲು ಓದಿ. ಇಲ್ಲಿ ನಾನು ಮೋಸ ಹೋದೆ. "32 ಬಿಟ್ ಆಪರೇಟಿಂಗ್ ಸಿಸ್ಟಮ್" ಎಂದು ಕಂಡಿತು, ಆಸೆ ಬಿಟ್ಟೆ. ಮುಂದೆಯೇ "ಎಕ್ಸ್64 ಪ್ರೊಸೆಸರ್" ಎಂದಿತ್ತು! ಯಾರೋ 64 ಬಿಟ್ ಯಂತ್ರಕ್ಕೆ 32 ಬಿಟ್ ವಿಂಡೋಸ್ ಹಾಕಿದ್ದರು. ನಮ್ಮದು ಕೋರ್ 2 ಡ್ಯುಯೋ. ನಿಜವಾಗಿ 32 ಬಿಟ್ ಇದ್ದರೆ ಉಬುಂಟು, ಮಿಂಟ್‌ಗಳ ಹೊಸ ಆವೃತ್ತಿ ನಡೆಯದು. ಆಂಟಿಎಕ್ಸ್ 23 ನೋಡಿ.

ಆಮೇಲೆ ರ್‍ಯಾಮ್. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ಸಾಕು, 4 ಇದ್ದರೆ ಆರಾಮ. ನಮ್ಮಲ್ಲಿ 2 ಇತ್ತು.

ನಿಜವಾದ ಪರೀಕ್ಷೆ ಪೆನ್ ಡ್ರೈವ್‌ನದು. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್ ಡ್ರೈವ್‌ಗೆ ಬರೆದೆವು. (ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ತೆಗೆದಿಡಿ.) ಆನ್ ಮಾಡುವಾಗ ಎಫ್12 ಒತ್ತಿ ಯುಎಸ್‌ಬಿ ಆರಿಸಬೇಕು, ಕೆಲವು ಯಂತ್ರಗಳಲ್ಲಿ ಎಫ್2 ಅಥವಾ ಡಿಲೀಟ್ ಒತ್ತಿ ಬಯೋಸ್‌ನಲ್ಲಿ ಬದಲಿಸಬೇಕು. ಆಗ ಲಿನಕ್ಸ್ ಪೆನ್ ಡ್ರೈವ್‌ನಿಂದಲೇ ಓಡುತ್ತದೆ, ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ನಿಧಾನ ಇರುತ್ತದೆ, ಗಾಬರಿಯಾಗಬೇಡಿ. ಧ್ವನಿ, ಇಂಟರ್ನೆಟ್, ಪ್ರಿಂಟರ್ ಒಂದೊಂದಾಗಿ ನೋಡಿ.

ನಮ್ಮ ವೈಫೈ ಕಡ್ಡಿಯನ್ನು ಅದು ಗುರುತಿಸಲಿಲ್ಲ. ಮೊಬೈಲನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು. ಆದರೂ ಬ್ರೌಸರ್ ಪ್ರತಿ ಪುಟವನ್ನೂ "ಸುರಕ್ಷಿತವಲ್ಲ" ಎನ್ನುತ್ತಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕಂಪ್ಯೂಟರಿನ ಲೆಕ್ಕದಲ್ಲಿ ಅದಿನ್ನೂ 2008ನೇ ಇಸವಿ! ಮದರ್‌ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್2032, ಸತ್ತಿತ್ತು. ಬದಲಿಸಿದ ಮೇಲೆ ಎಲ್ಲ ಸರಿ.

ವಾಣಿಜ್ಯದವರಿಗೆ ಒಂದು ಮಾತು. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು, ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ನಾನು ಟ್ಯಾಲಿಯನ್ನು ಕಾಲೇಜು ಲ್ಯಾಬಿನಲ್ಲೇ ಮಾಡುತ್ತೇನೆ. ಮನೆಯಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಕನ್ನಡ, ಉರ್ದು ಎರಡನ್ನೂ ಟೈಪ್ ಮಾಡಬಹುದು. ಇನ್‌ಸ್ಟಾಲ್ ಒತ್ತುವ ಮೊದಲು ಮಾತ್ರ ಹಳೆಯದನ್ನೆಲ್ಲ ಬೇರೆ ಕಡೆ ನಕಲು ಮಾಡಿ. ನಮ್ಮ ಡಿಸ್ಕಿನಲ್ಲಿ ಅಬ್ಬಾ ಅವರ ಮೂರು ವರ್ಷದ ಉದ್ರಿ ಲೆಕ್ಕವಿತ್ತು, ಒಂದು ತಪ್ಪು ಕ್ಲಿಕ್ಕಿಗೆ ಹೋಗುತ್ತಿತ್ತು.

ಸೋಮವಾರ ಗುಜರಿಯವನು ಬಂದಾಗ ಅಬ್ಬಾ ಕೆಟ್ಟ ಯುಪಿಎಸ್ ಮಾತ್ರ ಕೊಟ್ಟರು.